ಬೆಳಿಗ್ಗೆಯೂ ಬಿಡದ ಮಂಪರು

ಇವತ್ತು ಮೆಡಿಕಲ್ ಶಾಪಿನಲ್ಲಿ ಒಬ್ಬ ಅಜ್ಜಿ ಕೇಳ್ತಿದ್ದರು: "ಮಾತ್ರೆ ನುಂಗಿದ್ದು ರಾತ್ರಿ, ಬೆಳಿಗ್ಗೆಯೂ ಯಾಕಪ್ಪಾ ತಲೆ ಮಂಕು?"

ಸ್ಟ್ರಿಪ್ ತಿರುಗಿಸಿ ನೋಡಿ. ಕ್ಲೋರ್‌ಫೆನಿರಮೈನ್, 4 ಮಿ.ಗ್ರಾಂ. ನೆಗಡಿ, ಅಲರ್ಜಿಗೆ ಕೊಡೋ ಮಾತ್ರೆ. ದೊಡ್ಡವರ ಮೈಯಲ್ಲಿ ಅದು ಅರ್ಧ ಇಳಿಯೋಕೇ ಸುಮಾರು 20 ಗಂಟೆ ಬೇಕು.

ಅಲರ್ಜಿಯಲ್ಲಿ ಮೂಗು ಸೋರಿಸೋ ಹಿಸ್ಟಮಿನ್ ಅನ್ನೋ ರಾಸಾಯನಿಕವೇ ಮಿದುಳಲ್ಲಿ ನಮ್ಮನ್ನ ಎಚ್ಚರವಾಗಿ ಇಡೋದು. ಅದು ಮಿದುಳಿನ ಆಳದಲ್ಲಿರೋ ಹೈಪೋಥಲಾಮಸ್‌ನ ಹಿಂಭಾಗದ ಒಂದು ಪುಟ್ಟ ನರಕೋಶದ ಗುಂಪಿನಿಂದ ಮಿದುಳಿಗೆಲ್ಲ ಹರಡುತ್ತೆ. ಈ ಮಾತ್ರೆ ಅಲ್ಲಿಗೂ ನುಗ್ಗಿ ಹಿಸ್ಟಮಿನ್ ಅಂಟಿಕೊಂಡು ಕೆಲಸ ಮಾಡೋ ಎಚ್1 ಗ್ರಾಹಕಗಳನ್ನು ಮುಚ್ಚಿಬಿಡುತ್ತೆ. ಜೊತೆಗೆ, ನೆನಪಿಗೆ ಬೇಕಾದ ಇನ್ನೊಂದು ರಾಸಾಯನಿಕ ಅಸಿಟೈಲ್‌ಕೋಲಿನ್‌ಗೂ ಅಡ್ಡಗಾಲು. ವಯಸ್ಸಾದವರಿಗೆ ಗೊಂದಲ, ಮೂತ್ರ ಕಟ್ಟೋದು, ಜೋಲಿ ಹೊಡೆದು ಬೀಳೋದು. ನಿಜಕ್ಕೂ ಭಯವಾಗುತ್ತೆ.

ಅಲರ್ಜಿ ಸೀನಿಗಾದರೆ ಫೆಕ್ಸೊಫೆನಡಿನ್ ಅನ್ನೋ ಇನ್ನೊಂದು ಅಲರ್ಜಿ ಮಾತ್ರೆ ಕೊಡಬಹುದಾ ಅಂತ ಡಾಕ್ಟರನ್ನ ಕೇಳಿ. ಮಿದುಳಿನ ರಕ್ತನಾಳದ ಗೋಡೆಯಲ್ಲಿರೋ ಪಂಪ್ ಅದನ್ನ ಹೊರಗೇ ತಳ್ಳುತ್ತೆ, ಹಾಗಾಗಿ ಮಂಪರು ಕಡಿಮೆ. ನೀರಲ್ಲೇ ನುಂಗಬೇಕು, ಕಿತ್ತಳೆ ಜ್ಯೂಸ್ ಕುಡಿದರೆ ಮಾತ್ರೆ ಮೈಗೆ ಹತ್ತೋದು ಕಡಿಮೆ.