ಅಪ್ಪನ ಜೋಡಿ ಮೊದಲ ಟ್ರಯಥ್ಲಾನ್

ಟ್ರಯಥ್ಲಾನ್ ಅಂದರೆ ಈಜು, ಸೈಕಲ್, ಓಟ ಮೂರನ್ನೂ ಒಂದರ ಹಿಂದೊಂದು ಮುಗಿಸುವ ರೇಸು. ಮೊದಲ ಸಲಕ್ಕೆ ‘ಸ್ಪ್ರಿಂಟ್’ ಎಂಬ ಚಿಕ್ಕ ದೂರದ ಬಗೆ ಸಾಕು: 750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟ. ಐವತ್ತು ದಾಟಿದವರು ಶುರು ಮಾಡುವ ಮುಂಚೆ ಹೃದಯದ ತಪಾಸಣೆ ಮಾಡಿಸಲೇಬೇಕು, ಇದರಲ್ಲಿ ರಾಜಿ ಬೇಡ.

ನಮ್ಮ ಧಾರವಾಡ ಕಡೆ ಊರ ಬಾವಿಯಲ್ಲಿ ಈಜು ಕಲಿತ ಅಪ್ಪಂದಿರಿಗೆ ನೀರಿನ ಭಯ ಇರುವುದಿಲ್ಲ. ಆದರೆ ತಲೆ ಮೇಲೆತ್ತಿಯೇ ಈಜುತ್ತಾರೆ. ತಲೆ ಎದ್ದರೆ ಸೊಂಟ, ಕಾಲು ಮುಳುಗುತ್ತವೆ. 100 ಮೀಟರ್‌ಗೇ ಏದುಸಿರು. ಮುಖ ನೀರೊಳಗಿಟ್ಟು ಕೊಳದ ತಳ ನೋಡಬೇಕು, ಗುಳ್ಳೆ ಬಿಡುತ್ತಾ ಉಸಿರು ಪೂರ್ತಿ ಹೊರಹಾಕಿ, ಪಕ್ಕಕ್ಕೆ ಹೊರಳಿ ಒಳಗೆಳೆದುಕೊಳ್ಳಬೇಕು. 25 ಮೀಟರ್ ಕೊಳದಲ್ಲಿ 30 ಸಲ ದಾಟಿದರೆ 750. ಹುಬ್ಬಳ್ಳಿಯ ಉಣಕಲ್ ಕೆರೆಯ ದಂಡೆ ಓಟಕ್ಕೆ ಚಂದ, ಕೆರೆ ಈಜಿಗಲ್ಲ.

ಸೈಕಲ್ ಸೀಟಿನ ಎತ್ತರ: ಹಿಮ್ಮಡಿಯಿಂದ ಪೆಡಲ್ ಪೂರ್ತಿ ಕೆಳಗೊತ್ತಿದಾಗ ಕಾಲು ನೆಟ್ಟಗಾಗಬೇಕು. ತಗ್ಗಾದರೆ ಮೊಣಕಾಲಿನ ಮುಂಭಾಗ ನೋಯುತ್ತದೆ. ಮುಂಗಾರಿನಲ್ಲಿ ಪಡುವಣ ಗಾಳಿ. ಹುಬ್ಬಳ್ಳಿಯಿಂದ ಗದಗ ರಸ್ತೆ ಹಿಡಿದು ಹೋಗುವಾಗ ಹಗುರ, ವಾಪಸ್ ಬರುವಾಗ ಗಾಳಿ ಎದೆಗೇ ಬಡಿಯುತ್ತದೆ. ಹಿರಿಯರು ಜೋಡಿ ಇದ್ದಾಗ ದಣಿಯುವ ಮೊದಲೇ ತಿರುಗಿ.

ವಾರಕ್ಕೊಮ್ಮೆ ಸೈಕಲ್ ಇಳಿದ ಕೂಡಲೇ 10 ನಿಮಿಷ ಓಡಿ. ಮೊದಮೊದಲು ಕಾಲು ಮಾತು ಕೇಳುವುದಿಲ್ಲ, ಆಮೇಲೆ ರೂಢಿಯಾಗುತ್ತದೆ. ಮಾತಾಡುತ್ತಾ ಓಡಲಾಗದಿದ್ದರೆ ವೇಗ ಜಾಸ್ತಿ ಅಂತಲೇ ಅರ್ಥ. ಮನೆಯಲ್ಲಿ ಆಡದ ಎಷ್ಟೋ ಮಾತು ಅಪ್ಪ-ಮಕ್ಕಳ ನಡುವೆ ಈ ನಿಧಾನದ ಓಟದಲ್ಲೇ ಬರುತ್ತವೆ. ಗಟ್ಟಿ ತಾಲೀಮಿನ ಮರುದಿನ ಅಪ್ಪನಿಗೆ ಪೂರ್ತಿ ವಿಶ್ರಾಂತಿ ಕೊಡಿ.

ರೇಸಿನಲ್ಲಿ ಸ್ಟ್ಯಾಂಡಿನಿಂದ ಸೈಕಲ್ ತೆಗೆಯುವ ಮುಂಚೆಯೇ ಹೆಲ್ಮೆಟ್ ಬಕಲ್ ಹಾಕಿರಬೇಕು, ಇಲ್ಲದಿದ್ದರೆ ದಂಡ ಬೀಳುತ್ತದೆ.