ಪಿನ್‌ಬಾಲ್ ಮೆಷಿನ್ನಿಗೆ ಮೈದಾಹಿಟ್ಟು, ಆಕ್ರೋಟು ಚಿಪ್ಪು, ಸ್ವಲ್ಪ ಎಂಜಲು

ಹಳೆ ಪಿನ್‌ಬಾಲ್ ಮೆಷಿನ್, ಅಂದರೆ ಇಳಿಜಾರು ಹಲಗೆ ಮೇಲೆ ಉಕ್ಕಿನ ಗುಂಡು ಓಡಿಸಿ ಆಡುವ ಆಟದ ಪೆಟ್ಟಿಗೆ, ಮನೆಗೆ ತಂದ ತಕ್ಷಣ ಒದ್ದೆ ಬಟ್ಟೆ ತಗೊಂಡು ಒರೆಸಲು ಹೋಗಬೇಡಿ. ಐವತ್ತು ವರ್ಷ ಕೊಳೆ ತಡೆದುಕೊಂಡ ಹಲಗೆ ಒಂದು ಸಂಜೆಯ ಸೋಪುನೀರು ತಡೆಯುವುದಿಲ್ಲ. ಗುಂಡು ಓಡುವ ಈ ಹಲಗೆಗೆ ಪ್ಲೇಫೀಲ್ಡ್ ಅಂತಾರೆ: ಕೆಳಗೆ ಪ್ಲೈವುಡ್, ಅದರ ಮೇಲೆ ಸ್ಕ್ರೀನ್ ಪ್ರಿಂಟ್ ಬಣ್ಣ, ಬಣ್ಣದ ಮೇಲೆ ತೆಳುವಾದ ಲ್ಯಾಕರ್, ಅಂದರೆ ವಾರ್ನಿಶ್ ಥರದ ಪಾರದರ್ಶಕ ಲೇಪ. ಆ ಲ್ಯಾಕರ್ ಇಷ್ಟು ವರ್ಷದಲ್ಲಿ ಒಣಗಿ ಸಣ್ಣ ಸಣ್ಣ ಬಿರುಕು ಬಿಟ್ಟಿರುತ್ತದೆ. ನೀರು ಅಲ್ಲಿಂದ ಇಳಿದರೆ ಮರ ಉಬ್ಬುತ್ತದೆ, ಬಣ್ಣ ಚಕ್ಕೆ ಚಕ್ಕೆಯಾಗಿ ಎದ್ದು ಬರುತ್ತದೆ. ಹೋದ ಬಣ್ಣ ಮತ್ತೆ ಬರೋದಿಲ್ಲ.

ನಾನಿರುವುದು ಷಿಕಾಗೋ ಪಕ್ಕದ ಊರಲ್ಲಿ. ಗಾಟ್ಲೀಬ್, ಬ್ಯಾಲಿ, ವಿಲಿಯಮ್ಸ್, ಈ ಮೂರೂ ಕಂಪನಿಗಳ ಮೆಷಿನ್ ತಯಾರಾಗಿದ್ದು ಷಿಕಾಗೋ ಮತ್ತು ಅದರ ಸುತ್ತಮುತ್ತ. ಹಾಗಾಗಿ ಇಲ್ಲಿನ ಮನೆಗಳ ಬೇಸ್‌ಮೆಂಟಿನಲ್ಲಿ, ಗ್ಯಾರೇಜಿನಲ್ಲಿ ಇವು ಇನ್ನೂ ಸಿಗುತ್ತವೆ, ಅದರಲ್ಲೂ ಯಾರೂ ಮುಟ್ಟಲು ಇಷ್ಟಪಡದ ಸ್ಥಿತಿಯಲ್ಲಿರುವುದು ಅಗ್ಗಕ್ಕೆ ಸಿಗುತ್ತದೆ. ಈಗ ನನ್ನ ಗ್ಯಾರೇಜಿನಲ್ಲಿ ನಿಂತಿರುವುದು 1976ರ ಗಾಟ್ಲೀಬ್ ರಾಯಲ್ ಫ್ಲಶ್. ಇಸ್ಪೀಟಿನ ರಾಜ, ರಾಣಿ, ಜೋಕರ್ ಚಿತ್ರಗಳಿರುವ ಮೆಷಿನ್. ಚಿತ್ರ ಬರೆದವರು ಗಾರ್ಡನ್ ಮಾರಿಸನ್, ಆಟ ಕಟ್ಟಿದವರು ಎಡ್ ಕ್ರಿನ್‌ಸ್ಕಿ. ತಂದಾಗ ರಾಣಿಯ ಮುಖವೇ ಕಾಣುತ್ತಿರಲಿಲ್ಲ.

ಕೊಳೆ ಅಂತ ನಾವು ಒಂದೇ ಮಾತಲ್ಲಿ ಹೇಳುತ್ತೇವೆ, ಆದರೆ ಈ ಮೆಷಿನ್ನಿನಲ್ಲಿ ಅದು ನಾಲ್ಕೈದು ಬಗೆ. ತಂತಿ ಸುತ್ತಿದ ಕಾಯಿಲ್ ಒಳಗೆ ಪ್ಲಂಜರ್ ಎಂಬ ಕಬ್ಬಿಣದ ಕಡ್ಡಿ ಹಿಂದೆ ಮುಂದೆ ಓಡಿ ಉದುರುವ ಕಪ್ಪು ಪುಡಿ ಒಂದು. ರಬ್ಬರ್ ರಿಂಗ್ ಸವೆದು ಬರುವ ಪುಡಿ ಇನ್ನೊಂದು. ಯಾರೋ ಯಾವತ್ತೋ ಹಚ್ಚಿದ ಮೇಣ ಹಳದಿಯಾಗಿ ಕೂತಿರುತ್ತದೆ. ಜೊತೆಗೆ ಸಿಗರೇಟಿನ ಜಿಡ್ಡು. ಇವು ದಶಕಗಟ್ಟಲೆ ಬಾರುಗಳಲ್ಲಿ ನಿಂತಿದ್ದ ಮೆಷಿನ್‌ಗಳು, ಇಲಿನಾಯ್‌ನಲ್ಲಿ ಬಾರ್ ಒಳಗೆ ಸೇದುವುದು ನಿಂತಿದ್ದೇ 2008ರ ಜನವರಿಯಲ್ಲಿ. ಯಾವ ಕೊಳೆ, ಅದರ ಕೆಳಗೆ ಏನಿದೆ, ಇವೆರಡು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ವಿಚಿತ್ರ ಅನ್ನಿಸುವ ಉಪಾಯಗಳೆಲ್ಲ ಹುಟ್ಟಿದ್ದು ಇದೇ ಲೆಕ್ಕಾಚಾರದಿಂದ.

ಜಿಡ್ಡು ಮತ್ತು ಹಳೆ ಮೇಣಕ್ಕೆ ನ್ಯಾಫ್ತಾ. ಸಿಗರೇಟ್ ಲೈಟರಿಗೆ ತುಂಬುವ ಎಣ್ಣೆಯೂ ಬಹುಮಟ್ಟಿಗೆ ಅದೇ. ಅದು ಮೇಣ ಕರಗಿಸುತ್ತದೆ, ಲ್ಯಾಕರ್ ತಂಟೆಗೆ ಹೋಗುವುದಿಲ್ಲ, ಆಮೇಲೆ ಆರಿ ಹೋಗುತ್ತದೆ. ಬೆಂಕಿ ಬೇಗ ಹಿಡಿಯುವ ವಸ್ತು, ಆದ್ದರಿಂದ ಪ್ಲಗ್ ಕಿತ್ತಿಟ್ಟು, ಗ್ಯಾರೇಜ್ ಬಾಗಿಲು ತೆರೆದು, ಹೀಟರ್ ಆಫ್ ಮಾಡಿ ಕೂರಬೇಕು. ನನ್ನ ಪ್ಲೇಫೀಲ್ಡಿನ ಮುಕ್ಕಾಲು ಕೊಳೆ ಇಷ್ಟಕ್ಕೇ ಬಿಟ್ಟಿತು. ಜನ ಈ ಹಂತವನ್ನು ಹಾರಿಸಿ ಸೀದಾ ಉಜ್ಜಲು ಇಳಿಯುತ್ತಾರೆ, ಅದು ನನಗೆ ನಿಜಕ್ಕೂ ಬೇಜಾರಿನ ವಿಷಯ.

ಉಳಿಯುವುದು ಸುರುಳಿ ಗುರುತುಗಳು. ಬಾಲನ್ನು ಒದ್ದು ಚಿಮ್ಮಿಸುವ ಬಂಪರ್ ಸುತ್ತ, ಕಿಕರ್ ಮುಂದೆ, ಬಾಲ್ ಗಿರಗಿರ ತಿರುಗುತ್ತಾ ಸಿಡಿಯುವ ಕಡೆ ಕಪ್ಪು ಕಪ್ಪು ಬಿಲ್ಲಿನಾಕಾರದ ಗೆರೆಗಳು ಇರುತ್ತವೆ. ಸುಮಾರು 80 ಗ್ರಾಂ ತೂಕದ ಉಕ್ಕಿನ ಗುಂಡು ಅದೇ ಜಾಗಕ್ಕೆ ವರ್ಷಗಟ್ಟಲೆ ಬಡಿದರೆ ಲ್ಯಾಕರ್ ಸೀಳುತ್ತದೆ, ಆ ಸೀಳಿನೊಳಗೆ ಕಪ್ಪು ಪುಡಿ ಇಳಿದು ಕೂರುತ್ತದೆ. ಮೇಲೆ ಎಷ್ಟು ಪಾಲಿಶ್ ತಿಕ್ಕಿದರೂ ಒಳಗಿನದು ಹೋಗಲ್ಲ. ಇದಕ್ಕೇ ಮೆಲಮೈನ್ ಸ್ಪಂಜು ಬಂದಿದ್ದು, ಅಂಗಡಿಯಲ್ಲಿ ಮ್ಯಾಜಿಕ್ ಇರೇಸರ್ ಅಂತ ಸಿಗುವ ಬಿಳಿ ತುಂಡು. ಗೋಡೆ ಮೇಲೆ ಮಕ್ಕಳು ಗೀಚಿದ್ದು ಅಳಿಸಲು ತರುತ್ತೇವಲ್ಲ, ಅದೇ. ಅದಕ್ಕೆ ನೀರು ಸೋಕಿಸದೆ 91 ಅಥವಾ 99 ಪರ್ಸೆಂಟ್ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ, ಬೆರಳ ತುದಿಯಷ್ಟು ಜಾಗದಲ್ಲಿ ಮೆಲ್ಲಗೆ ಆಡಿಸುವುದು.

ಇದು ಮುಟ್ಟಲು ಮೆತ್ತಗೆ, ಆದರೆ ಕೆಲಸದಲ್ಲಿ ತುಂಬಾ ನಯವಾದ ಉಪ್ಪುಕಾಗದ. ಆಲ್ಕೋಹಾಲ್ ಲ್ಯಾಕರನ್ನು ಚೂರು ಮೆದು ಮಾಡುತ್ತದೆ, ಸ್ಪಂಜು ಅದರ ಮೇಲ್ಪದರವನ್ನು ಕೊಳೆಯ ಸಮೇತ ತೆಗೆಯುತ್ತದೆ. ಅಂದರೆ ನೀವು ಮೆಷಿನ್ನಿನ ಚರ್ಮವನ್ನೇ ಸ್ವಲ್ಪ ಸ್ವಲ್ಪ ಖರ್ಚು ಮಾಡುತ್ತಿದ್ದೀರಿ. ಅದಕ್ಕೇ ಎರಡು ಮೂರು ಸಲ ಆಡಿಸಿದ ಕೂಡಲೇ ಬಿಳಿ ಬಟ್ಟೆಯಲ್ಲಿ ಒತ್ತಿ ತೆಗೆದು ಬಟ್ಟೆ ನೋಡಬೇಕು. ಕಂದು, ಬೂದು, ಕಪ್ಪು ಬಂದರೆ ಕೊಳೆ. ಕೆಂಪೋ ಹಳದಿಯೋ ಬಂದರೆ ಅದು ಮಾರಿಸನ್ ಬರೆದ ಚಿತ್ರ, ಅಲ್ಲಿಗೇ ನಿಲ್ಲಿಸಿ. ರಾಣಿಯ ಕೆನ್ನೆ ಪಕ್ಕ ಒಂದು ಗೆರೆ ಇನ್ನೂ ಮಸುಕಾಗಿ ಉಳಿದಿದೆ. ಬಟ್ಟೆಯಲ್ಲಿ ತಿಳಿ ಗುಲಾಬಿ ಕಂಡಿತು, ಕೈ ತೆಗೆದೆ. ಗೆರೆ ಇರಲಿ, ಕೆನ್ನೆ ಹೋಗಬಾರದು ಅಲ್ವಾ. ಉಜ್ಜಿದ ಜಾಗ ಮಂಕಾಗಿ ಕಾಣುತ್ತದೆ, ನೋವಸ್ 2 ಥರದ ಪ್ಲಾಸ್ಟಿಕ್ ಪಾಲಿಶ್ ಹಾಕಿ, ಮೇಲೆ ಕಾರ್ನೋಬಾ ಮೇಣ ಹಚ್ಚಿದರೆ ಹೊಳಪು ವಾಪಸ್ ಬರುತ್ತದೆ.

ಮೈದಾಹಿಟ್ಟಿನ ಕಥೆ ಬೇರೆ. 1980ರ ದಶಕದ ಎಷ್ಟೋ ಮೆಷಿನ್‌ಗಳಿಗೆ ಬಣ್ಣ ಸವೆಯದಿರಲಿ ಅಂತ ಫ್ಯಾಕ್ಟರಿಯಲ್ಲೇ ಮೈಲಾರ್ ಎಂಬ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಅಂಟಿಸುತ್ತಿದ್ದರು. ಅದರ ಅಂಚಿನಡಿ ಕೊಳೆ ಸೇರಿದರೆ ಒರೆಸಲು ದಾರಿಯೇ ಇಲ್ಲ, ಹಾಳೆ ಕೀಳಬೇಕು. ಸುಮ್ನೆ ಎಳೆದರೆ ಬಣ್ಣವೂ ಬರುತ್ತದೆ. ಕಂಪ್ಯೂಟರ್ ಕೀಬೋರ್ಡಿನ ದೂಳು ಊದುವ ಗಾಳಿ ಡಬ್ಬಿ ಇದೆಯಲ್ಲ, ಅದನ್ನು ತಲೆಕೆಳಗೆ ಹಿಡಿದು ಒತ್ತಿದರೆ ಮಂಜಿನಂತೆ ಕೊರೆಯುವ ತಣ್ಣನೆ ದ್ರವ ಹೊರಬರುತ್ತದೆ. ಅದು ಬಿದ್ದ ಕಡೆ ಅಂಟು ಗಟ್ಟಿಯಾಗಿ, ಪೆಡಸಾಗಿ, ಹಾಳೆ ಸರಾಗವಾಗಿ ಏಳುತ್ತದೆ. ಬಣ್ಣ ಮೊದಲೇ ಸಡಿಲವಾಗಿರುವ ಕಡೆ ಈ ಕೆಲಸಕ್ಕೆ ಕೈ ಹಾಕಬಾರದು. ಆ ಗಾಳಿಗೂ ಬೆಂಕಿ ಹತ್ತುತ್ತದೆ, ಜೋಪಾನ.

ಹಾಳೆ ಎದ್ದ ಮೇಲೆ ಹಲಗೆ ತುಂಬ ಅಂಟು ಉಳಿದಿರುತ್ತದೆ. ಅದರ ಮೇಲೆ ಮೈದಾ ಚಿಮುಕಿಸಿ, ಆಲ್ಕೋಹಾಲ್ ಹನಿಸಿ, ಬೆರಳಲ್ಲಿ ಮೆಲ್ಲಗೆ ಉರುಳಿಸುತ್ತಾ ಹೋದರೆ ಅಂಟು ಹಿಟ್ಟಿಗೆ ಹತ್ತಿಕೊಂಡು ಸಣ್ಣ ಸಣ್ಣ ಉಂಡೆಯಾಗಿ ಬಿಟ್ಟು ಬರುತ್ತದೆ. ಆಲ್ಕೋಹಾಲ್ ಅಂಟನ್ನು ಸಡಿಲಿಸುತ್ತದೆ, ಹಿಟ್ಟು ಅದನ್ನು ಹಿಡಿದುಕೊಳ್ಳುತ್ತದೆ, ಮತ್ತೆ ಹಲಗೆಗೆ ಹರಡಲು ಬಿಡುವುದಿಲ್ಲ. ಬರೀ ಬಟ್ಟೆಯಲ್ಲಿ ಒರೆಸಿದರೆ ಅಂಟು ಊರೆಲ್ಲ ಓಡಾಡುತ್ತದೆ. ಒಬ್ಬ ಗೆಳೆಯರ ಬ್ಯಾಲಿ ಮೆಷಿನ್ನಿಗೆ ನಾವಿಬ್ಬರೂ ಕೂತು ಇದನ್ನು ಮಾಡಿದ್ದು, ಅವರ ಅಮ್ಮ ಊರಿಂದ ಬಂದಿದ್ದರು, ಡಬ್ಬಿಯಿಂದ ಮೈದಾ ಸುರಿಯುವುದನ್ನು ನೋಡಿ "ಏನ್ರಪ್ಪಾ, ಹೋಳಿಗೆ ಮಾಡ್ತಿದ್ದೀರಾ?" ಅಂದರು. ಆಮೇಲೆ ಅವರೂ ಒಂದು ಮೂಲೆ ಹಿಡಿದು ಕೂತರು. ನಮ್ಮಿಬ್ಬರಿಗಿಂತ ಅವರ ಬೆರಳಿಗೆ ಆ ಹದ ಬೇಗ ಸಿಕ್ಕಿತು.

ಲೋಹದ ಸಾಮಾನಿಗೆ, ಸ್ಕ್ರೂ, ಕಂಬ, ತಂತಿ ಗೈಡುಗಳಿಗೆ, ಬಂದೂಕಿನ ಖಾಲಿ ತೋಟೆ ತೊಳೆಯುವ ಟಂಬ್ಲರ್ ಬಳಸುತ್ತೇವೆ. ಅಮೆರಿಕದಲ್ಲಿ ತೋಟೆಗೆ ಮತ್ತೆ ಮದ್ದು ತುಂಬುವ ಹವ್ಯಾಸ ಇರುವವರು ಜಾಸ್ತಿ, ಅವರ ಉಪಕರಣ ಇದು. ಒಳಗೆ ಆಕ್ರೋಟು ಚಿಪ್ಪಿನ ಪುಡಿ ಅಥವಾ ಜೋಳದ ದಿಂಡಿನ ಪುಡಿ, ಒಂದು ಚಮಚ ಲೋಹದ ಪಾಲಿಶ್, ದೂಳು ಹೀರಲು ಬಟ್ಟೆ ಡ್ರೈಯರಿಗೆ ಹಾಕುವ ಹಾಳೆಯ ಎರಡು ತುಂಡು. ರಾತ್ರಿಯಿಡೀ ಓಡಲು ಬಿಟ್ಟರೆ ಬೆಳಗ್ಗೆ ಸ್ಕ್ರೂಗಳು ಹೊಸದರ ಹಾಗೆ ಇರುತ್ತವೆ. ಹುಣಸೆಹುಳಿ, ವಿನೆಗರ್ ಆಗುತ್ತಾ ಅಂತ ಕೇಳುವವರಿಗೆ: ಹಿತ್ತಾಳೆ ಪಾತ್ರೆಗೆ ಅದು ಸರಿ, ಇಲ್ಲಿನ ಸತುವಿನ ಲೇಪನವನ್ನು ಹುಳಿ ತಿಂದುಬಿಡುತ್ತದೆ.

ಈಗ ಎಂಜಲು. ನಮ್ಮಲ್ಲಿ ಎಂಜಲು ಅಂದರೆ ಮುಖ ಕಿವುಚುತ್ತಾರೆ, ನನಗೂ ಮೊದಲು ಕೈ ಬರಲಿಲ್ಲ. ಆದರೆ ಮ್ಯೂಸಿಯಮ್ಮುಗಳಲ್ಲಿ ಹಳೆ ಚಿತ್ರ, ಮೂರ್ತಿಗಳನ್ನು ಉಳಿಸುವವರು ಹತ್ತಿಗೆ ಉಗುಳು ಹಚ್ಚಿ ಒರೆಸುವುದು ಬಹಳ ಕಾಲದ ಪದ್ಧತಿ. ಪೋರ್ಚುಗಲ್‌ನ ಮೂವರು ಸಂಶೋಧಕರು ಇದನ್ನು ಪರೀಕ್ಷಿಸಿ 1990ರಲ್ಲಿ ಪ್ರಕಟಿಸಿದರು, ಕೆಲಸ ಮಾಡುವುದು ಮುಖ್ಯವಾಗಿ ಅಮೈಲೇಸ್ ಎಂಬ ಕಿಣ್ವ ಅಂತ ತೋರಿಸಿದರು. 2018ರಲ್ಲಿ ಅವರಿಗೆ ಇಗ್ ನೊಬೆಲ್ ಸಿಕ್ಕಿತು, ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗೆ ಕೊಡುವ ಬಹುಮಾನ ಅದು. ಪಿನ್‌ಬಾಲ್ ಪೆಟ್ಟಿಗೆಯ ಹೊರಗಿನ ಬಣ್ಣ ಕೊರೆಯಚ್ಚು (ಸ್ಟೆನ್ಸಿಲ್) ಇಟ್ಟು ಸಿಂಪಡಿಸಿದ್ದು, ತುಂಬಾ ನಾಜೂಕು. ಅಡುಗೆಮನೆ ಕ್ಲೀನರ್ ಸಿಂಪಡಿಸಿದರೆ ಬಣ್ಣವೇ ಇಳಿದು ಬರಬಹುದು. ಅಲ್ಲಿ ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಒದ್ದೆ ಮಾಡಿ ಒಂದೊಂದೇ ಇಂಚು ಉರುಳಿಸಿದೆ. ಕಡ್ಡಿ ಚಹಾ ಬಣ್ಣಕ್ಕೆ ತಿರುಗಿತು, ಕೆಳಗೆ ಅಚ್ಚ ಬಿಳಿ ಕಂಡಿತು. ಒಂದು ಸಲ ಬಾಯಿಗೆ ಹೋದ ಕಡ್ಡಿ ಪೆಟ್ಟಿಗೆಗೆ ತಾಗಿದ ಮೇಲೆ ಮತ್ತೆ ಬಾಯಿಗೆ ಹೋಗಬಾರದು, ಪ್ರತಿ ಸಲವೂ ಹೊಸ ಕಡ್ಡಿ. ಇಡೀ ಪೆಟ್ಟಿಗೆಗೆ ಇದು ಆಗುವ ಮಾತಲ್ಲ, ಬಣ್ಣ ಏಳುತ್ತಿರುವ ಜಾಗಗಳಿಗೆ ಮಾತ್ರ.

ಇಲಿಗೂಡು ಇದ್ದರೆ ಮಾತ್ರ ಯಾವ ಉಪಾಯವೂ ಬೇಡ, ನಿಯಮ ಪಾಲಿಸಿ. ಅಮೆರಿಕದ ಇಲಿಗಳ ಹಿಕ್ಕೆ, ಮೂತ್ರದಿಂದ ಹಂಟಾವೈರಸ್ ಬರಬಹುದು, ಅದು ಜೀವ ತೆಗೆಯುವ ರೋಗ. ಒಣಗಿದ್ದನ್ನು ಗುಡಿಸಬೇಡಿ, ವ್ಯಾಕ್ಯೂಮ್ ಹಾಕಬೇಡಿ. ಕೈಗವಸು ಹಾಕಿಕೊಂಡು, ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ ಚೆನ್ನಾಗಿ ನೆನೆಸಿ, ಐದು ನಿಮಿಷ ಬಿಟ್ಟು ಕಾಗದದಲ್ಲಿ ಬಳಿದು ತೆಗೆಯಿರಿ. ರಿಲೇಗಳು, ಅಂದರೆ ವಿದ್ಯುತ್ತಿನಿಂದ ತಾವೇ ಆನ್ ಆಫ್ ಆಗುವ ಸ್ವಿಚ್ಚುಗಳು, ಇರುವ ಹಲಗೆಯನ್ನು ಮೊದಲೇ ಬಿಚ್ಚಿ ಹೊರಗಿಡಿ, ಬ್ಲೀಚು ಲೋಹ ತಿನ್ನುತ್ತದೆ.

ಆ ರಿಲೇಗಳ ಕಾಂಟ್ಯಾಕ್ಟುಗಳನ್ನು, ಅಂದರೆ ಒಂದಕ್ಕೊಂದು ತಾಗುವ ಲೋಹದ ಬಿಂದುಗಳನ್ನು, ಶುಚಿ ಮಾಡಲು ನನ್ನ ಆಯ್ಕೆ ವಿಸಿಟಿಂಗ್ ಕಾರ್ಡು. ಪ್ಲಗ್ ಕಿತ್ತು, ಎರಡು ಬಿಂದುಗಳ ನಡುವೆ ಕಾರ್ಡು ತೂರಿಸಿ, ಪಟ್ಟಿಗಳನ್ನು ಹಗುರವಾಗಿ ಒತ್ತಿ ಹಿಡಿದು ಎಳೆದರೆ ಕಾರ್ಡಿನ ಮೇಲೆ ಕಪ್ಪು ಗೆರೆ ಬರುತ್ತದೆ. ಗೆರೆ ಬರುವುದು ನಿಲ್ಲುವ ತನಕ ಎಳೆಯಿರಿ. ಅಲ್ಲಿಗೆ ಡಬ್ಲ್ಯುಡಿ-40 ಎಂಬ ಸ್ಪ್ರೇ ಎಣ್ಣೆ ಹೊಡೆಯುವವರನ್ನು ಕಂಡರೆ ನನಗೆ ಎದೆ ಧಸಕ್ ಅನ್ನುತ್ತದೆ. ಅದರ ಜಿಡ್ಡು ದೂಳು ಹಿಡಿಯುತ್ತದೆ, ಕಿಡಿ ಹಾರುವ ಜಾಗದಲ್ಲಿ ಬೆಂಕಿಗೂ ದಾರಿ.

ಮೆಷಿನ್ನಿನ ಮೇಲ್ಭಾಗದಲ್ಲಿ ನಿಂತಿರುವ ಚಿತ್ರದ ಗಾಜಿನ, ಅಂದರೆ ಬ್ಯಾಕ್‌ಗ್ಲಾಸಿನ, ಹಿಂಬದಿ ಮುಟ್ಟಲೇಬೇಡಿ. ಚಿತ್ರ ಇರುವುದು ಆ ಕಡೆಗೇ, ಬಲ್ಬಿನ ಶಾಖಕ್ಕೆ ಬಣ್ಣ ಚಕ್ಕೆ ಚಕ್ಕೆಯಾಗಿ ಎದ್ದು ನಿಂತಿರುತ್ತದೆ, ಒಣ ಬ್ರಷ್ ತಾಗಿದರೂ ಉದುರುತ್ತದೆ. ಅದೇ ಗಾಜಿನ ಮುಂಬದಿ ಎಷ್ಟು ಬೇಕಾದರೂ ಒರೆಸಿ.

ಎಲ್ಲ ಮುಗಿದ ಮೇಲೆ ಹಳೆ ಬಾಲ್ ವಾಪಸ್ ಹಾಕಬೇಡಿ. ಬೆಳಕಿಗೆ ಹಿಡಿದು ನೋಡಿ, ಗೀರು, ತುಕ್ಕಿನ ಚುಕ್ಕೆ ಕಂಡೇ ಕಾಣುತ್ತದೆ. ಅಂಥ ಬಾಲ್ ಉಜ್ಜಿ ಮೇಣ ಹಚ್ಚಿದ ಹಲಗೆಯನ್ನು ದಿನಾ ಕೆರೆಯುತ್ತದೆ. ಹೊಸದಕ್ಕೆ ಹೆಚ್ಚು ದುಡ್ಡೇನಿಲ್ಲ, ರಬ್ಬರ್ ರಿಂಗ್ ತರಿಸುವಾಗಲೇ ಜೊತೆಗೆ ಒಂದು ತರಿಸಿಕೊಳ್ಳಿ.