ಮೂರು ವರ್ಷದ ಮಗುವಿನ ಪುಸ್ತಕ ನನಗೇ ಅರ್ಥ ಆಗ್ಲಿಲ್ಲ

ಬೆಂಗಳೂರಲ್ಲಿ ಜಪಾನೀಸ್ ಕ್ಲಾಸಿಗೆ ಹೋಗ್ತಿರೋ ನನ್ನ ಚಿಕ್ಕಮ್ಮನ ಮಗಳು ಮೊನ್ನೆ ಮೆಸೇಜ್ ಮಾಡಿದ್ಲು, "ಅಕ್ಕಾ, ಡಿಸೆಂಬರಲ್ಲಿ ಬರ್ತಾ ಚಿಕ್ಕ ಮಕ್ಕಳ ಪುಸ್ತಕ ನಾಲ್ಕು ತಗೊಂಬಾ, ಈಸಿ ಇರೋದು" ಅಂತ. ಈಸಿಯಂತೆ! ಜಪಾನಿನ ಕವಾಸಾಕಿಗೆ ಬಂದ ಹೊಸದ್ರಲ್ಲಿ ನಾನೂ ಹಂಗೇ ಅನ್ಕೊಂಡಿದ್ದೆ.

ಆಗಷ್ಟೇ ಜೆಎಲ್‌ಪಿಟಿ ಎನ್‌4 ಪಾಸಾಗಿತ್ತು, ಜಪಾನೀಸ್ ಭಾಷಾ ಪರೀಕ್ಷೆಯಲ್ಲಿ ಕೆಳಗಿಂದ ಎರಡನೇ ಮಟ್ಟ ಅದು, ಸ್ವಲ್ಪ ಜಂಬಾನೂ ಇತ್ತು ಅನ್ನಿ. ಲೈಬ್ರರಿಗೆ ಹೋಗಿ ಇರೋದ್ರಲ್ಲೇ ತೆಳ್ಳಗಿರೋ ಆರು ಎಹೊನ್ ತಂದೆ, ಎಹೊನ್ ಅಂದ್ರೆ ಚಿತ್ರದ ಪುಸ್ತಕ. ಕಾಫಿ ಇಟ್ಕೊಂಡು ಕೂತ್ರೆ ಕಾಫಿ ಆರಿ ತಣ್ಣಗಾಯ್ತು, ಮೂರನೇ ಪುಟ ದಾಟ್ಲಿಲ್ಲ. ಬಾಲಕ್ಕೆ ಶಿಪ್ಪೊ, ಓಕ್ ಮರದ ಕಾಯಿಗೆ ದೊಂಗುರಿ, ಇದೆಲ್ಲ ಇಲ್ಲಿ ಮಾತು ಕಲಿಯೋ ಮಗೂಗೂ ಗೊತ್ತು, ಆದ್ರೆ ನಮ್ಮ ಪರೀಕ್ಷೆ ಪುಸ್ತಕದಲ್ಲಿ ಬ್ಯಾಂಕ್, ಸ್ಟೇಷನ್, ಮೀಟಿಂಗ್ ಇಷ್ಟೇ, ಬಾಲ ಯಾರಿಗೆ ಬೇಕು?

ಅದಕ್ಕಿಂತ ದೊಡ್ಡ ತಲೆನೋವು ಹಿರಗಾನ, ಅಂದ್ರೆ ಬರೀ ಉಚ್ಚಾರಣೆ ತೋರಿಸೋ ಅಕ್ಷರ. ಪುಟ್ಟ ಮಕ್ಕಳಿಗೆ ಕಾಂಜಿ, ಅಂದ್ರೆ ಅರ್ಥ ತೋರಿಸೋ ಚೀನೀ ಮೂಲದ ಅಕ್ಷರ, ಬರಲ್ಲ ಅಂತ ಪೂರ್ತಿ ಹಿರಗಾನದಲ್ಲೇ ಬರೆದಿರ್ತಾರೆ, ಪದದ ಮಧ್ಯ ಜಾಗ ಬಿಟ್ಟಿರ್ತಾರೆ ನಿಜ, ಆದ್ರೂ ಕಾಂಜಿ ಇಲ್ದೆ ಇದ್ರೆ ಯಾವ ಪದ ಅಂತ ಹೆಂಗೆ ಗೊತ್ತಾಗ್ಬೇಕು? ಹಾಶಿ ಅಂದ್ರೆ ಸೇತುವೆನೂ ಹೌದು, ಚಾಪ್‌ಸ್ಟಿಕ್ಕೂ ಹೌದು. ಹಾನಾ ಅಂದ್ರೆ ಹೂವು, ಮೂಗು ಎರಡೂ, ನಾನು ಆನೆ ಪುಸ್ತಕದಲ್ಲಿ ಎಷ್ಟೋ ಹೊತ್ತು ಈ ಆನೆ ಹೂವು ಯಾಕೆ ಇಷ್ಟುದ್ದ ಅಂತ ಯೋಚಿಸ್ತಾ ಕೂತಿದ್ದೆ. ಅವರು ಹೇಳ್ತಿದ್ದಿದ್ದು ಸೊಂಡಿಲು.

ಪೀಚ್ ಹಣ್ಣಿಂದ ಹುಟ್ಟಿದ ಹುಡುಗ ಮೊಮೊತಾರೋನ ಜಾನಪದ ಕಥೆ ಅಂತೂ ಬೇಡ್ವೇ ಬೇಡ, ಕನಿಷ್ಠ ಮೊದಲನೇ ಪುಸ್ತಕವಾಗಿ ಬೇಡ. ಮೊದಲ ಪುಟದಲ್ಲೇ ಅಜ್ಜ ಬೆಟ್ಟಕ್ಕೆ ಶಿಬಾಕಾರಿಗೆ ಹೋಗ್ತಾನೆ, ಅಂದ್ರೆ ಸೌದೆ ಪುಳ್ಳೆ ತರೋಕೆ, ಇದೇ ಉಚ್ಚಾರಣೆಗೆ ಹುಲ್ಲುಹಾಸು ಕತ್ತರಿಸೋದು ಅಂತಾನೂ ಅರ್ಥ ಇದೆ, ಹಾಗಾಗಿ ಅಜ್ಜ ಬೆಟ್ಟದ ಮೇಲೆ ಲಾನ್ ಕಟ್ ಮಾಡ್ತಿದಾನೆ ಅಂತ ಇಲ್ಲಿನ ಮಕ್ಕಳೂ ತಪ್ಪು ತಿಳ್ಕೋತಾರಂತೆ. ಅಜ್ಜಿ ಬಟ್ಟೆ ಒಗೀವಾಗ ಪೀಚ್ ಹಣ್ಣು ನದೀಲಿ ದೊಂಬುರಾಕೊ ದೊಂಬುರಾಕೊ ಅಂತ ತೇಲ್ಕೊಂಡು ಬರತ್ತೆ. ಆ ಹಣ್ಣು ಬಿಟ್ಟು ಬೇರೆ ಯಾವ್ದಕ್ಕೂ ಯಾರೂ ಈ ಪದ ಹೇಳಿದ್ದು ನಾನಂತೂ ಕೇಳಿಲ್ಲ.

ಇಂಥ ಸದ್ದಿನ ಪದಗಳ ವಿಷ್ಯದಲ್ಲಿ ಮಾತ್ರ ಕನ್ನಡದವರಿಗೆ ಲಾಭ ಇದೆ. ನಮ್ಮ ಎದೆ ಡವಡವ, ಇವರದ್ದು ದೋಕಿದೋಕಿ. ಗುಡುಗು ನಮಗೆ ಗುಡುಗುಡು, ಇವರಿಗೆ ಗೊರೊಗೊರೊ. ಕ್ಲಾಸಲ್ಲಿದ್ದ ಅಮೆರಿಕಾದವನು ಲಿಸ್ಟ್ ಮಾಡ್ಕೊಂಡು ಬಾಯಿಪಾಠ ಹೊಡೀತಿದ್ದ ಪಾಪ. ಮತ್ತೆ "ತೊ ಈಮಾಶಿತಾ" ಅಂತ ಪುಟಕ್ಕೆ ನಾಲ್ಕು ಸಲ ಬರತ್ತಲ್ಲ, ಅದು ನಮ್ಮ "ಅಂತ ಹೇಳಿದ್ರು"ನೇ, ಅದೇ ಜಾಗದಲ್ಲಿ.

ಆಯ್ಕೆ ಹೇಗೆ ಅಂದ್ರೆ, ನನ್ನ ಪ್ರಕಾರ ಒಂದು-ಎರಡನೇ ಕ್ಲಾಸಿನ ಮಕ್ಕಳ ಪುಸ್ತಕದಿಂದ ಶುರು ಮಾಡ್ಬೇಕು. ಒಂದನೇ ಕ್ಲಾಸಲ್ಲಿ 80 ಕಾಂಜಿ ಕಲಿಸ್ತಾರೆ, ಆರು ವರ್ಷಕ್ಕೆ ಒಟ್ಟು 1,026, ಹಾಗಾಗಿ ಈ ಪುಸ್ತಕಗಳಲ್ಲಿ ಸ್ವಲ್ಪ ಕಾಂಜಿ ಇರತ್ತೆ, ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಉಚ್ಚಾರಣೆ ತೋರಿಸೋ ಫುರಿಗಾನಾನೂ ಇರತ್ತೆ, ಡಿಕ್ಷನರಿಯಲ್ಲಿ ಹುಡುಕೋಕೆ ಸುಲಭ. ಹಿಂದಿನ ರಟ್ಟು ನೋಡೋದು ಮರೀಬೇಡಿ, ಓದಿ ಹೇಳೋದಾದ್ರೆ ಇಷ್ಟು ವಯಸ್ಸು, ತಾನೇ ಓದೋದಾದ್ರೆ ಇಷ್ಟು ವಯಸ್ಸು ಅಂತ ಎಷ್ಟೋ ಪುಸ್ತಕದಲ್ಲಿ ಬೇರೆ ಬೇರೆ ಹಾಕಿರ್ತಾರೆ, ನಮಗೆ ಬೇಕಿರೋದು ಎರಡನೇದು, ನಾನು ನೋಡ್ತಿದ್ದಿದ್ದು ಮೊದಲನೇದು. ಇನ್ನೂ ಕಷ್ಟ ಅನ್ಸಿದ್ರೆ ತಾದೊಕು ಅಂತ ಕಲಿಯೋರಿಗೇ ಮಾಡಿದ ಪುಸ್ತಕಗಳಿವೆ, ಮಟ್ಟದ ಪ್ರಕಾರ, ಇಂಟರ್ನೆಟ್ಟಲ್ಲಿ ಫ್ರೀ ಕೂಡ ಸಿಗ್ತವೆ. ಅವರ ನಿಯಮ ಡಿಕ್ಷನರಿ ಮುಟ್ಬೇಡಿ, ಗೊತ್ತಾಗದ್ದು ಬಿಟ್ಟು ಮುಂದೆ ಹೋಗಿ, ಬೋರಾದ್ರೆ ಪುಸ್ತಕಾನೇ ಬಿಡಿ. ಕೊನೇದೊಂದೇ ನಾನು ಸರಿಯಾಗಿ ಪಾಲಿಸೋದು.

ಕಥೆಗಿಂತ ನನಗೆ ಹಿಡಿಸಿದ್ದು ವಿಜ್ಞಾನದ ಪುಸ್ತಕ, ವಿಷ್ಯ ಅರ್ಧ ಮೊದ್ಲೇ ಗೊತ್ತಿರತ್ತೆ, ಚಿತ್ರ ನೋಡಿದ್ರೆ ಮಿಕ್ಕಿದ್ದು ಹೊಳೆಯತ್ತೆ. ಈ ವಾರ ಮನೇಲಿರೋದು ದಾಂಗೊಮುಶಿ ಪುಸ್ತಕ. ದಾಂಗೊ ಅಂದ್ರೆ ಅಕ್ಕಿ ಹಿಟ್ಟಿನ ಉಂಡೆ, ಮುಶಿ ಅಂದ್ರೆ ಹುಳ, ಆದ್ರೆ ನಿಜಕ್ಕೂ ಅದು ಸಿಗಡಿ, ಏಡಿ ಸಂಬಂಧಿಕ, ಕಾಲು ಹದಿನಾಲ್ಕು ಅಂತೆ. ಜೋರಾಗಿ ಓದ್ತಿದ್ದೆ, ಮಗಳು ಎರಡು ಸಲ ಉಚ್ಚಾರಣೆ ತಿದ್ದಿದ್ಲು, ಆಮೇಲೆ ಕೇಳಿದ್ಲು, "ಅಮ್ಮಾ, ಕನ್ನಡದಲ್ಲಿ ಇದಕ್ಕೇನಂತಾರೆ?"

ನನಗೆ ಬರ್ಲಿಲ್ಲ. ಹಾಸನಕ್ಕೆ ಫೋನ್ ಹಚ್ಚಿದೆ.

"ಕಲ್ಲಡೀಲಿ ಇರತ್ತಲ್ಲ, ಮುಟ್ಟಿದ್ರೆ ಗುಂಡಗಾಗತ್ತಲ್ಲ, ಅದಾ? ಅದು ಹುಳ ಕಣೇ, ಹುಳಕ್ಕೆ ಹುಳ ಅನ್ನದೆ ಇನ್ನೇನಂತಾರೆ" ಅಂದ್ರು ಅಮ್ಮ.